ಮಾರ್ಕರ್ ಮಾಸ್ತರರು ಕಲಿಸಿದ ವಾಲಿ

ಟೆನಿಸ್ಸಿನಲ್ಲಿ ನನ್ನ ವಾಲಿ ಹೊಡೆತ ನೋಡಲು ಪಣಜಿಯ ಜನ ಕೈಯಲ್ಲಿದ್ದ ಚಹಾ ಕೆಳಗಿಟ್ಟು ಬರುತ್ತಿದ್ದರು. ಇದನ್ನು ನೀವು ನಂಬಲೇಬೇಕೆಂದಿಲ್ಲ. ನನ್ನನ್ನು ಬಲ್ಲ ಯಾರೂ ನನ್ನ ಮಾತನ್ನು ಒಂದೇ ಸಲಕ್ಕೆ ನಂಬುವುದಿಲ್ಲ. ಎಪ್ಪತ್ತೈದು ವರ್ಷ ಕಷ್ಟಪಟ್ಟು ಗಳಿಸಿದ ಹೆಸರು ಅದು. ಇಡೀ ಗೋವೆಯಲ್ಲಿ ನನ್ನ ಕೈಯಲ್ಲಿ ಬೇಸ್ತು ಬೀಳದವರು ಇಬ್ಬರೇ ಇದ್ದರು. ಒಬ್ಬರು ನಾನು ಬೆಳಗಾವಿಯಿಂದ ಬರುವ ಮೊದಲೇ ತೀರಿಹೋಗಿದ್ದರು, ಇನ್ನೊಬ್ಬರು ಆಗಿನ್ನೂ ಹುಟ್ಟಿರಲಿಲ್ಲ.

ಆದರೆ ನಾನು ಇಲ್ಲಿ ಯಾರ ಬಗ್ಗೆ ಬರೆಯುತ್ತಿದ್ದೇನೋ ಆ ಮನುಷ್ಯನ ವಿಷಯದಲ್ಲಿ ಸುಳ್ಳು ಬೆರೆಸುವುದಿಲ್ಲ. ಹೋದ ತಿಂಗಳು ಅವರು ಕೊರ್ತಾಲಿಮ್‌ನಲ್ಲಿ, ತಾವೇ ಕಟ್ಟಿಕೊಂಡ ಎರಡು ಕೋಣೆಯ ಮನೆಯಲ್ಲಿ, ಮಧ್ಯಾಹ್ನ ಉಂಡು ಮಲಗಿದವರು ಏಳಲಿಲ್ಲ. ಎಂಬತ್ತು ದಾಟಿತ್ತು. ನೋವಿಲ್ಲದ ಸಾವು. ಮಣ್ಣು ಮಾಡಿ ಬಂದ ಮೇಲೆ ನನಗೆ ಅಳು ಬರುವ ಬದಲು ಹಳೆಯ ಒಂದು ಅಕ್ಟೋಬರ್ ತಿಂಗಳು ನೆನಪಾಗಿ, ಸದ್ಯ, ಅವತ್ತು ಹಾಗಾಯಿತಲ್ಲ ಎಂದು ಉಸಿರು ಹಗುರಾಯಿತು. ಅದನ್ನೇ ಹೇಳಬೇಕು.

ಅವರ ಹೆಸರು ಬರೆಯುವುದಿಲ್ಲ. ಯಾರಾದರೂ ಹೆಸರು ಹಿಡಿದು ಗಟ್ಟಿಯಾಗಿ ಕರೆದರೆ "ಏನ್ ತಪ್ಪಾತ್ರಿ?" ಎಂದು ಎದ್ದು ನಿಲ್ಲುತ್ತಿದ್ದ ಮನುಷ್ಯ. ಪಣಜಿಯಲ್ಲಿ ನಾವು ಸಂಜೆ ಟೆನಿಸ್ ಆಡುತ್ತಿದ್ದ ಕ್ಲಬ್ಬಿನಲ್ಲಿ ಎಲ್ಲರೂ ಅವರನ್ನು ಮಾರ್ಕರ್ ಎನ್ನುತ್ತಿದ್ದರು. ಅದು ಅವರ ಕೆಲಸದ ಹೆಸರು. ಮಾರ್ಕರ್ ಅಂದರೆ ಕೋರ್ಟಿಗೆ ನೀರು ಹೊಡೆದು, ರೋಲರ್ ಎಳೆದು, ಸುಣ್ಣದ ಗೆರೆ ಹಾಕಿ, ಆಮೇಲೆ ಅದೇ ಕೋರ್ಟಿನಲ್ಲಿ ಸದಸ್ಯರ ಎದುರು ನಿಂತು ಆಡಿ ಆಟ ಕಲಿಸುವವನು. ನಾನು ಒಬ್ಬನೇ ಅವರನ್ನು ಮಾಸ್ತರ್ ಎಂದು ಕರೆಯುತ್ತಿದ್ದೆ. ಮೊದಮೊದಲು ಚೇಷ್ಟೆಗೆ, ಆಮೇಲೆ ಬಾಯಿಗೆ ಬೇರೆ ಶಬ್ದವೇ ಬರಲಿಲ್ಲ.

ಅವರು ವಿಜಾಪುರದ ಕಡೆಯವರು. ಗೌಂಡಿ ಕೆಲಸಕ್ಕೆಂದು ಗೋವೆಗೆ ಬಂದು, ಪರ್ವರಿಯಲ್ಲಿ ನಾಲ್ಕಾರು ಮನೆ ಕಟ್ಟಿ, ಕೊನೆಗೆ ನಮ್ಮ ಕ್ಲಬ್ಬಿನ ಕಾಂಪೌಂಡು ಕಟ್ಟಲು ಬಂದಿದ್ದರು. ಗೋಡೆ ಮುಗಿಯಿತು, ಗ್ಯಾಂಗಿನವರು ಹೋದರು, ಇವರು ಹೋಗಲಿಲ್ಲ. ಆಗಿದ್ದ ಮುದಿ ಮಾರ್ಕರ್‌ಗೆ ರೋಲರ್ ಎಳೆಯಲು ಒಬ್ಬರು ಬೇಕಾಗಿತ್ತಂತೆ. ಎರಡು ವರ್ಷ ರೋಲರ್ ಎಳೆಯುತ್ತ ನೋಡಿದರು, ಮೂರನೇ ವರ್ಷ ರ‍್ಯಾಕೆಟ್ ಹಿಡಿದರು. ಮುದುಕ ಊರಿಗೆ ಹೋದಾಗ ಇವರೇ ಮಾರ್ಕರ್ ಆದರು. ಪೆವಿಲಿಯನ್ನಿನ ಹಿಂದಿನ ಕೋಣೆಯಲ್ಲಿ ಗಂಡ–ಹೆಂಡತಿ ಇಬ್ಬರ ಸಂಸಾರ. ಆ ಕೋಣೆ ಕೆಲಸದ ಜೊತೆ ಬಂದದ್ದು. ಕೆಲಸ ಹೋದರೆ ಅದೂ ಹೋಗುವಂಥದ್ದು.

ನಾನು ಆ ಕ್ಲಬ್ಬಿಗೆ ಸೇರಿದಾಗ ನನಗೆ ಮೂವತ್ತೆಂಟು. ಪಣಜಿಯಲ್ಲಿ ಸ್ಟೀಲ್ ಪಾತ್ರೆಯ ಅಂಗಡಿ, ಮುಂದೆ ಒಂದು ಹೊಟ್ಟೆ. ಡಾಕ್ಟರು ಹೊಟ್ಟೆ ಇಳಿಸು ಎಂದಿದ್ದರು. ಮೊದಲ ದಿನ ಮಾಸ್ತರು ನನ್ನನ್ನು ಮೇಲಿಂದ ಕೆಳಗೆ ನೋಡಿ, ನೆಟ್ಟಿನ ಹತ್ತಿರ ಕರೆದರು.

"ಸಾವ್ಕಾರ್ರ, ನೀವು ವಾಲಿ ಕಲೀರಿ."

"ವಾಲಿ ಅಂದ್ರ?"

"ಚೆಂಡು ನೆಲಕ್ಕ ಬೀಳೂದ್ರಾಗ ಹೊಡಿಯೂದು. ನೆಟ್ಟಿನ ಹಂತ್ಯಾಕ ನಿಂತು. ಓಡೂದು ಕಡಿಮಿ."

"ಹಂಗಾರ ಅದು ನನ್ನ ಸಲುವಾಗೇ ಮಾಡ್ಯಾರ ನೋಡ್ರಿ."

"ಇಟ್ಟಂಗಿ ಹಿಡದೀರೇನ್ರಿ ಎಂದಾರ?"

"ಮಾಸ್ತರ್ರ, ನಾ ಪಾತ್ರಿ ಮಾರೂ ಮನಷ್ಯಾ."

"ಕೇಳ್ರಿ ಹಂಗಾರ. ಕೆಳಗಿಂದ ಒಬ್ಬಾಂವ ಇಟ್ಟಂಗಿ ಒಗೀತಾನ. ಮ್ಯಾಲೆ ನಿಂತು ನೀವು ಹಿಡೀಬೇಕು. ಅದು ಬರೂಮುಂದ ಕೈ ಹಿಂದ ಒಯ್ತೀರೇನು? ಒಯ್ದ್ರ ಎದಿಗೆ ಬಡೀತೈತಿ. ಕೈ ಮುಂದಿರಬೇಕು, ಕಣ್ಣಿನ ಮುಂದ. ಅದು ಬಂತಂದ್ರ ನೀವೂ ಒಂದು ಹೆಜ್ಜಿ ಅದರ ಕಡೆ ಹೋಗಬೇಕು. ವಾಲಿ ಅಂದ್ರ ಅಷ್ಟ."

ಅಷ್ಟೇ ಎಂದರು, ನನಗೆ ಎಂಟು ತಿಂಗಳು ಹಿಡಿಯಿತು. ಪಾತ್ರೆ ವ್ಯಾಪಾರಿಯ ಕೈ, ಹಿಂದೆ ಹೋಗಿ ಬೀಸಿ ಬರದಿದ್ದರೆ ಅದಕ್ಕೆ ಸಮಾಧಾನವಿಲ್ಲ. ಮಾಸ್ತರು ಒಂದು ಉಪಾಯ ಮಾಡಿದರು. ಕೋರ್ಟಿನ ಸುತ್ತ ತಂತಿಯ ಜಾಳಿಗೆ ಇತ್ತಲ್ಲ, ಅದಕ್ಕೆ ನನ್ನ ಬೆನ್ನು ಹಚ್ಚಿ ನಿಲ್ಲಿಸಿ, ಎದುರಿನಿಂದ ಕೈಯಲ್ಲೇ ಚೆಂಡು ಎಸೆಯುತ್ತಿದ್ದರು. ರ‍್ಯಾಕೆಟ್ ಒಂದು ಗೇಣು ಹಿಂದೆ ಹೋದರೂ ಜಾಳಿಗೆಗೆ ಬಡಿದು ಝಣ್ ಎನ್ನುತ್ತಿತ್ತು. ಮೊದಲ ವಾರ ಕ್ಲಬ್ಬಿನವರೆಲ್ಲ ನನ್ನ ಝಣಝಣ ಕೇಳುತ್ತ ಚಹಾ ಕುಡಿದರು. ಹಿಡಿತ ಹೇಗೆ ಎಂದರೆ "ಕೊಡ್ಲಿ ಹಿಡಿದಂಗ". ಮಣಿಕಟ್ಟು ಹೇಗೆ ಎಂದರೆ "ನೀರು ತುಂಬಿದ ಕೊಡ ಹಿಡಿದಂಗ, ಅಳ್ಳಾಡಬಾರ್ದು". ಎದುರಿನವನು ಹೊಡೆಯುವ ಕ್ಷಣಕ್ಕೆ ಸರಿಯಾಗಿ ಎರಡೂ ಕಾಲ ಮೇಲೆ ಒಂದು ಸಣ್ಣ ಜಿಗಿತ ಜಿಗಿಯಬೇಕು, ಆಗ ಯಾವ ಕಡೆಗಾದರೂ ಹೋಗಲು ಕಾಲು ಎಚ್ಚರವಾಗಿರುತ್ತದೆ. ಬಲಗಡೆಯ ಚೆಂಡಿಗೆ ಎಡಗಾಲು ಮುಂದೆ. ಚೆಂಡು ಮೊಣಕಾಲಿನ ಕೆಳಗೆ ಬಂದರೆ ನಾನು ನಿಂತಲ್ಲೇ ನಿಂತು ರ‍್ಯಾಕೆಟ್ಟನ್ನಷ್ಟೇ ಕೆಳಗೆ ಚಾಚುತ್ತಿದ್ದೆ. ಅದಕ್ಕೆ ಅವರು ಹೇಳಿದ ಮಾತು ಕ್ಲಬ್ಬಿನಲ್ಲಿ ವರ್ಷಗಟ್ಟಲೆ ಓಡಾಡಿತು:

"ಚೆಂಡು ಕೆಳಗ ಬಂದ್ರ ನೀವೂ ಕೆಳಗ ಹೋಗ್ರಿ, ಸಾವ್ಕಾರ್ರ. ರ‍್ಯಾಕೆಟ್ಟಷ್ಟ ಕಳಸಬ್ಯಾಡ್ರಿ. ಆಳು ಕಳಸೂ ಚಟ ಅಂಗಡ್ಯಾಗ ಇರ್ಲಿ."

ಅವರು ಹೊಗಳುವುದು ಒಂದೇ ಶಬ್ದದಲ್ಲಿ. ತಲೆಯನ್ನು ಸ್ವಲ್ಪ ಓರೆ ಮಾಡಿ, ಚೆಂಡು ರ‍್ಯಾಕೆಟ್ಟಿನ ನಡುವಿಗೆ ಬಡಿದ ಟಪ್ ಸದ್ದು ಕೇಳಿ, "ಚಲೋ" ಎನ್ನುತ್ತಿದ್ದರು. ಆ ಒಂದು ಚಲೋಗಾಗಿ ನಾನು ದಿನಾ ಅಂಗಡಿಯನ್ನು ನೌಕರರ ಮೇಲೆ ಬಿಟ್ಟು ಬರುತ್ತಿದ್ದೆ. ಒಂದು ವರ್ಷದ ಮೇಲೆ ದಿನಕ್ಕೆ ಇಪ್ಪತ್ತು ಚಲೋ ಬೀಳತೊಡಗಿದವು. ನಾನು ಒಂದು ಸಂಜೆ ಅವರನ್ನೇ ಆರು–ನಾಲ್ಕರಿಂದ ಸೋಲಿಸಿದೆ. ಅವತ್ತು ಮನೆಗೆ ಹೋಗುವ ದಾರಿಯಲ್ಲಿ ಸಿಕ್ಕ ಎಲ್ಲರಿಗೂ, ಪರಿಚಯವಿಲ್ಲದವರಿಗೂ, ಹೇಳಿದೆ.

ಅವರ ಇನ್ನೊಂದು ಅಭ್ಯಾಸ ನೆನಪಿದೆ. ಗೆರೆ ಹಾಕುವಾಗ ಹುರಿ ಕಟ್ಟಿ, ಮಂಡಿಯೂರಿ, ಬೆರಳಿನಿಂದ ಹುರಿ ಸವರುತ್ತ ಸವರುತ್ತ ಸುಣ್ಣ ಎಳೆಯುತ್ತಿದ್ದರು. ಮೊದಲು ನಿಂತೇ ಹಾಕುತ್ತಿದ್ದವರು ಯಾವಾಗಿನಿಂದಲೋ ಹೀಗೆ ಕೂತು ಹಾಕತೊಡಗಿದ್ದರು. ನಾವೆಲ್ಲ ಅದನ್ನು ಭಕ್ತಿ ಎಂದುಕೊಂಡೆವು. ಮಾಸ್ತರು ಕೋರ್ಟಿಗೆ ಪೂಜೆ ಮಾಡುತ್ತಾರೆ ಎಂದು ನಾನೇ ನಗೆಯಾಡಿದ್ದೆ.

ಇನ್ನೊಂದು ಬದಲಾವಣೆಯನ್ನೂ ಎಲ್ಲರೂ ನೋಡಿದ್ದೆವು. ಹಿಂದಿನ ಗೆರೆಯಲ್ಲಿ ನಿಂತು ಉದ್ದುದ್ದ ಹೊಡೆಯುವ ಆಟವನ್ನು ಅವರು ಬಿಟ್ಟೇಬಿಟ್ಟಿದ್ದರು. ಮಂಡಿನೋವಿನ ವಕೀಲರು ಬಂದರೂ ವಾಲಿ, ನಿನ್ನೆ ಸೇರಿದ ಬ್ಯಾಂಕ್ ಮ್ಯಾನೇಜರ್ ಬಂದರೂ ವಾಲಿ. ಕೇಳಿದರೆ, "ಹಿಂದ ನಿಂತು ಹೊಡಿಯೂದು ಯಾರರೆ ಕಲಿಸ್ತಾರ್ರಿ. ನೀವು ವಾಲಿ ಕಲೀರಿ."

ಇಲ್ಲಿ ನನ್ನ ಚೇಷ್ಟೆ ಬಂತು. ಕ್ಲಬ್ಬಿನಲ್ಲಿ ಒಂದು ಸೂಚನೆಗಳ ಪುಸ್ತಕ ಇತ್ತು. ಒಬ್ಬರೂ ಅದರಲ್ಲಿ ಬರೆಯುತ್ತಿರಲಿಲ್ಲ, ಅದಕ್ಕೇ ನನಗೆ ಅದರ ಮೇಲೆ ಪ್ರೀತಿ. ಒಂದು ಸಂಜೆ ಹೀಗೆ ಬರೆದೆ: "ನಮ್ಮ ಮಾರ್ಕರ್ ಎಲ್ಲರಿಗೂ ವಾಲಿಯನ್ನೇ ಕಲಿಸುತ್ತಾರೆ. ಕೋರ್ಟಿನ ಹಿಂದಿನ ಅರ್ಧ ಖಾಲಿ ಬಿದ್ದಿದೆ. ಅಲ್ಲಿ ಬದನೆಕಾಯಿ ಬೆಳೆಯುವ ಬಗ್ಗೆ ಕಮಿಟಿ ಯೋಚಿಸಲಿ." ಕೆಳಗೆ ನನ್ನದೇ ಸಹಿ. ಓದಿದವರು ಹೊಟ್ಟೆ ಹಿಡಿದು ನಕ್ಕರು. ಆ ವರ್ಷ ಹೊಸದಾಗಿ ಬಂದಿದ್ದ ಸೆಕ್ರೆಟರಿ ಮಾತ್ರ ನಗಲಿಲ್ಲ. ಅವರು ಮಡಗಾಂವಿನ ಕಡೆಯವರು, ಶಿಸ್ತಿನ ಮನುಷ್ಯ, ನಿವೃತ್ತ ಇಂಜಿನಿಯರ್. ಬದನೆಕಾಯಿಯ ಸಾಲಿನ ಮೇಲೆ ಒಂದು ಗೆರೆ ಎಳೆದು, ಉಳಿದ ಎರಡು ಸಾಲನ್ನು ಕಮಿಟಿಯ ಮುಂದಿಟ್ಟರು. ಅದು ನನಗೆ ಗೊತ್ತಾಗಲಿಲ್ಲ. ನಾನು ಆಗಲೇ ಮುಂದಿನ ಚೇಷ್ಟೆಯ ತಯಾರಿಯಲ್ಲಿದ್ದೆ.

ಬಿಳಿಯ ಚೆಂಡು ಹೋಗಿ ಹಳದಿ ಚೆಂಡು ಬಂದ ಕಾಲ ಅದು. ಮಾರ್ಕೆಟಿನಲ್ಲಿ ಮೋಸಂಬಿ ರಾಶಿ ನೋಡಿದಾಗಲೆಲ್ಲ ನನ್ನ ಕೈ ತುರಿಸುತ್ತಿತ್ತು. ಮೇ ತಿಂಗಳ ಒಂದು ಸಂಜೆ, ಸರಿಯಾದ ಬಣ್ಣದ, ಸರಿಯಾದ ಗಾತ್ರದ ಒಂದು ಹಣ್ಣು ಆರಿಸಿ ತಂದೆ.

"ಮಾಸ್ತರ್ರ, ಇವತ್ತ ನಾ ಒಗೀತೇನಿ. ನೀವು ಹೊಡದು ತೋರಸ್ರಿ," ಎಂದೆ.

ಅವರು ನೆಟ್ಟಿನ ಆ ಕಡೆ ನಿಂತರು, ನಾನು ಈ ಕಡೆ ಏಳೆಂಟು ಹೆಜ್ಜೆ ದೂರ. ಮೂರು ಚೆಂಡು ಎಸೆದೆ. ಮೂರನ್ನೂ ಇಟ್ಟಂಗಿ ಹಿಡಿದ ಹಾಗೆ, ಒಂದೇ ಹೆಜ್ಜೆಯಲ್ಲಿ, ಟಪ್ ಟಪ್ ಎಂದು ಮೂಲೆಗೆ ಇಟ್ಟರು. ನಾಲ್ಕನೆಯದು ಮೋಸಂಬಿ. ಅದನ್ನೂ ರ‍್ಯಾಕೆಟ್ಟಿನ ನಡುವಿಗೇ ತೆಗೆದುಕೊಂಡರು. ಹಣ್ಣು ಪಚ್ ಎಂದು ಒಡೆದು, ತಂತಿಯಲ್ಲಿ ಸೋಸಿದ ರಸ ಅವರ ಮುಖಕ್ಕೂ ಅಂಗಿಗೂ ಸಿಡಿಯಿತು. ವರಾಂಡದಲ್ಲಿ ಕೂತಿದ್ದವರೆಲ್ಲ ಹೋ ಎಂದು ಎದ್ದರು. ನಾನು ನೆಟ್ಟಿನ ಕಂಬ ಹಿಡಿದು ನಗುತ್ತಿದ್ದೆ.

ಮಾಸ್ತರು ನಗಲಿಲ್ಲ. ಗಾಬರಿಯಿಂದ ಕೇಳಿದರು: "ಚೆಂಡು ಹರೀತೇನ್ರಿ, ಸಾವ್ಕಾರ್ರ?"

ಕುಕ್ಕರುಗಾಲಲ್ಲಿ ಕೂತರು. ಹಣ್ಣಿನ ಅರ್ಧ ಹೋಳು ಅವರ ಬಲಗಾಲಿನ ಪಕ್ಕದಲ್ಲೇ, ಕೆಂಪು ಮಣ್ಣಿನ ಮೇಲೆ ಹೊಳೆಯುತ್ತ ಬಿದ್ದಿತ್ತು. ಅವರು ಅಂಗೈಯಿಂದ ನೆಲ ತಟ್ಟುತ್ತ, ಎಡಕ್ಕೆ, ಬಲಕ್ಕೆ, ಮತ್ತೆ ಎಡಕ್ಕೆ ಹುಡುಕಿದರು. ಕೈಗೆ ಸಿಕ್ಕ ಮೇಲೆ ಮೂಗಿಗೆ ಹಿಡಿದರು. ಆಮೇಲೆ ನಕ್ಕರು. ಎಲ್ಲರೂ ನಕ್ಕರು. ನಾನು ಮಾತ್ರ ನೆಟ್ಟಿನ ಕಂಬ ಬಿಟ್ಟು, ನೆಲ ತಟ್ಟಿದ ಆ ಅಂಗೈಯನ್ನೇ ನೋಡುತ್ತಿದ್ದೆ.

ಮರುದಿನ ನೋಟೀಸು ಬೋರ್ಡಿನಲ್ಲಿ ಒಂದು ಹಾಳೆ ಅಂಟಿಸಿದ್ದರು. ಮಳೆಗಾಲ ಮುಗಿದು ಅಕ್ಟೋಬರಿನಲ್ಲಿ ಕೋರ್ಟು ತೆರೆದಾಗ, ಮಾರ್ಕರ್ ಕಮಿಟಿಯ ಎದುರು ಒಂದು ಸೆಟ್ ಆಡಬೇಕು. ಹಿಂದಿನ ಗೆರೆಯಿಂದ ಆಡಲು ಆಗದಿದ್ದರೆ ಬೇರೆಯವರನ್ನು ನೇಮಿಸಲಾಗುವುದು. ಕಾರಣ: ಸದಸ್ಯರಿಂದ ಬಂದ ಲಿಖಿತ ದೂರು.

ಲಿಖಿತ ದೂರು! ಕೈಬರಹ ನನ್ನದು.

ನಾನು ಪೆವಿಲಿಯನ್ನಿನ ಹಿಂದಿನ ಕೋಣೆಗೆ ಹೋದೆ. ಮಾಸ್ತರರ ಹೆಂಡತಿ ಬಾಗಿಲಲ್ಲಿ ಕೂತು ಜೋಳ ಹಸನು ಮಾಡುತ್ತಿದ್ದರು. ಕ್ಲಬ್ಬಿನ ಅಕ್ಕಪಕ್ಕ ಕಟ್ಟಡ ಕೆಲಸ ಮಾಡುವ ನಮ್ಮ ಕಡೆಯ ಜನಕ್ಕೆ ರೊಟ್ಟಿ ಬಡಿದು ಕೊಡುತ್ತಿದ್ದ ಗಟ್ಟಿ ಹೆಂಗಸು. ನನ್ನನ್ನು ಕಂಡು ಮುಖ ತಿರುವಿದರು.

"ಬರ್ರಿ ಸಾವ್ಕಾರ್ರ. ಇವತ್ತ ಏನ್ ತಂದೀರಿ, ಪಪ್ಪಾಯಿ ಏನು?"

"ಅಕ್ಕಾರ, ಮಾಸ್ತರ್ರ ಕೂಡ ಮಾತಾಡಬೇಕು."

ಮಾಸ್ತರು ಒಳಗೆ ಹರಿದ ನೆಟ್ಟಿಗೆ ಗಂಟು ಹಾಕುತ್ತಿದ್ದರು, ಬರೀ ಬೆರಳಿನಿಂದ, ಕಣ್ಣು ಬೇರೆಲ್ಲೋ ಇಟ್ಟು. ನಾನು ನೇರವಾಗಿ ಕೇಳಿದೆ. "ಎಷ್ಟು ದಿವಸಾತ್ರಿ ಕಣ್ಣು ಮಂಜಾಗಿ?"

ಅವರು ಗಂಟು ಬಿಗಿದರು. "ಯಾರ್ ಹೇಳಿದ್ರಿ? ಕಣ್ಣು ಚಲೋ ಅದಾವ."

"ನಾ ಎಷ್ಟು ಬೆರಳ ಎತ್ತೇನಿ ಹೇಳ್ರಿ."

ಇನ್ನೊಂದು ಗಂಟಿಗೆ ಹುರಿ ಎಳೆಯುತ್ತ, "ನೀವು ಕೈನ ಎತ್ತಿರಾಕಿಲ್ಲ. ನಾ ನಿಮ್ಮನ್ನ ಬಲ್ಲೆ," ಎಂದರು.

ಖರೆ. ನಾನು ಕೈ ಎತ್ತಿರಲಿಲ್ಲ. ಆದರೆ ಅದನ್ನು ಅವರು ಕಂಡು ಹೇಳಿರಲಿಲ್ಲ. ಬಾಗಿಲಲ್ಲಿ ಅಕ್ಕ ಮೊರ ಕೆಳಗಿಟ್ಟರು. ಆಮೇಲೆ ಎಲ್ಲ ಹೊರಬಂತು. ಹರೆಯದಲ್ಲಿ ಗೌಂಡಿ ಕೆಲಸ ಮಾಡುವಾಗ ಸುಣ್ಣದ ಗುಂಡಿಯಿಂದ ಸಿಡಿದು ಕಣ್ಣಿಗೆ ಬಿದ್ದಿತ್ತಂತೆ. ಅದೇ ಗ್ಯಾಂಗಿನಲ್ಲಿ ಇನ್ನೊಬ್ಬನಿಗೂ ಬಿದ್ದು, ಅವನ ಕಣ್ಣು ಪೂರ್ತಿ ಹೋಗಿ, ದೊಡ್ಡ ಆಸ್ಪತ್ರೆಯಲ್ಲಿ "ಸುಣ್ಣ ಸುಟ್ಟ ಕಣ್ಣಿಗೆ ಔಷಧ ಇಲ್ಲ" ಎಂದು ಕಳಿಸಿದ್ದರಂತೆ. ಗೌಂಡಿಗಳಲ್ಲಿ ಅದು ಎಲ್ಲರಿಗೂ ಗೊತ್ತಿದ್ದ ಮಾತು. ಮೂರು ವರ್ಷದ ಹಿಂದೆ ಮಂಜು ಕವಿಯತೊಡಗಿದಾಗ ಮಾಸ್ತರು, ಹಳೆಯ ಸುಣ್ಣ ಈಗ ತನ್ನ ಕೆಲಸ ಮುಗಿಸುತ್ತಿದೆ ಎಂದುಕೊಂಡರು. ಡಾಕ್ಟರ ಹತ್ತಿರ ಹೋದರೆ ಮಾತು ಕ್ಲಬ್ಬಿಗೆ ಬರುತ್ತದೆ, ಕೋಣೆ ಹೋಗುತ್ತದೆ. ಹಿಂದಿನ ಗೆರೆಯಲ್ಲಿ ನಿಂತರೆ ಎದುರಿನ ಮನುಷ್ಯನೇ ಕಾಣುತ್ತಿರಲಿಲ್ಲ. ನೆಟ್ಟಿನ ಹತ್ತಿರವಾದರೆ ಚೆಂಡು ಒಂದು ಹಳದಿ ಮಬ್ಬಿನ ಹಾಗೆ ಕಾಣುತ್ತಿತ್ತು. ಅದಕ್ಕೇ ಎಲ್ಲರಿಗೂ ವಾಲಿ.

ನಾನು ಬದನೆಕಾಯಿ ಬೆಳೆಯಿರಿ ಎಂದು ಬರೆದದ್ದು ಆ ಮಬ್ಬಿನ ಬಗ್ಗೆ.

"ಮಾಪ್ಸಾದಾಗ ನಮ್ಮ ಬೆಳಗಾವಿ ಡಾಕ್ಟರ್ ಅದಾರ. ನಡ್ರಿ," ಎಂದೆ.

"ಬ್ಯಾಡ್ರಿ. ಔಷಧ ಇಲ್ಲಂತ ಅವರ ಬಾಯಿಲೆ ಕೇಳೂದ್ಕಿಂತ ಹಿಂಗ ಇರ್ಲಿ."

ಮೂರು ದಿನ ಬೇಡಿಕೊಂಡೆ. ಅಲ್ಲಾಡಲಿಲ್ಲ. ನೇರ ಮಾತು ನಡೆಯದಿದ್ದಾಗ ನನ್ನ ಕೈಯಲ್ಲಿ ಇನ್ನೇನಿದೆ? ನಾಲ್ಕನೇ ದಿನ ಕಪ್ಪು ಕನ್ನಡಕ ಹಾಕಿ, ಗೋಡೆ ಹಿಡಿದುಕೊಂಡು ಅವರ ಕೋಣೆಗೆ ಹೋದೆ.

"ಮಾಸ್ತರ್ರ, ನಿಮ್ಮ ಶಾಪ ತಟ್ಟಿತ್ರಿ. ಮುಂಜಾನಿಂದ ನನಗ ಏನೂ ಕಾಣವಲ್ದು. ಡಾಕ್ಟರ್ ಕಡೆ ಕರ್ಕೊಂಡು ಹೋಗಾಕ ಯಾರೂ ಇಲ್ಲ. ಮನ್ಯಾಗ ಹೇಳಿದ್ರ ಯಾರೂ ನಂಬವಲ್ರು."

ಕೊನೆಯ ಮಾತು ಕೆಲಸ ಮಾಡಿತು. ನನ್ನ ಮನೆಯಲ್ಲಿ ಹಾಗೇ ಆಗುತ್ತದೆಂದು ಅವರಿಗೆ ಗೊತ್ತಿತ್ತು. ಅಂಗಿ ಹಾಕಿ, ನನ್ನ ಕೈ ಹಿಡಿದು ಹೊರಟರು.

ಆಗ ಮಾಂಡವಿ ನದಿಯ ಸೇತುವೆ ಬಿದ್ದು ಫೆರಿ ದೋಣಿಯೇ ಗತಿಯಾಗಿದ್ದ ವರ್ಷಗಳು. ಪಣಜಿಯಿಂದ ಬೇತಿಮ್‌ಗೆ ಫೆರಿ, ಅಲ್ಲಿಂದ ಮಾಪ್ಸಾಕ್ಕೆ ಬಸ್ಸು. ಕಣ್ಣು ಕಾಣುವ ನಾನು ಕುರುಡ; ಕಣ್ಣು ಕಾಣದ ಅವರು ನನಗೆ ದಾರಿ ತೋರಿಸುವವರು. ಜನ ಸರಿದು ಜಾಗ ಬಿಟ್ಟರು. ಮೀನಿನ ಬುಟ್ಟಿಯ ಹೆಂಗಸೊಬ್ಬಳು "ಪಾಪ, ಬಸಯಾ ತಾಂಕಾ" ಎಂದು ನನ್ನನ್ನು ತನ್ನ ಜಾಗದಲ್ಲಿ ಕೂರಿಸಿದಳು. ನಾನು ಕನ್ನಡಕದ ಸಂದಿಯಿಂದ ಮಾಸ್ತರರನ್ನು ನೋಡುತ್ತಿದ್ದೆ. ಫೆರಿ ಹತ್ತುವ ಕಡೆ ಅವರು ಮೊದಲು ತಮ್ಮ ಕಾಲಿನಿಂದ ಮೆಲ್ಲಗೆ ತಡಕಿ, ಅಂಚು ಸಿಕ್ಕ ಮೇಲೆ, "ಎಡಗಾಲು ಎತ್ತಿಡ್ರಿ ಸಾವ್ಕಾರ್ರ, ಇಲ್ಲಿ ಕಬ್ಬಿಣದ ಪಟ್ಟಿ ಐತಿ," ಎಂದು ಕಂಡವರ ಹಾಗೆ ಹೇಳಿದರು. ಬಸ್ಸಿನ ಬೋರ್ಡು ಓದದೆ, ಕಂಡಕ್ಟರ ಕೂಗಿಗೆ ಕಿವಿಗೊಟ್ಟರು. ಒಂದು ಸಲವೂ ನನ್ನನ್ನು ಎಡವಲು ಬಿಡಲಿಲ್ಲ. ನಾನೇ ಎರಡು ಸಲ, ನಟನೆಯ ಹುರುಪಿನಲ್ಲಿ, ಖರೆಖರೆ ಎಡವಿದೆ.

ಡಾಕ್ಟರಿಗೆ ಮೊದಲೇ ಹೇಳಿಟ್ಟಿದ್ದೆ. ಅವರು ನನ್ನ ಕಣ್ಣಿಗೆ ಒಂದು ನಿಮಿಷ ಬೆಳಕು ಬಿಟ್ಟು, ಗಂಭೀರವಾಗಿ, "ಇವರದು ನೋಡಿದೆ. ಈಗ ಕರ್ಕೊಂಡು ಬಂದವರದೂ ನೋಡಬೇಕು. ನಮ್ಮಲ್ಲಿ ಹಂಗ ಪದ್ಧತಿ," ಎಂದರು.

ಮಾಸ್ತರಿಗೆ ಆಗ ತಿಳಿಯಿತು. ಏಳಲು ಹೋದರು. ನಾನು ಬಾಗಿಲಿಗೆ ಬೆನ್ನು ಹಚ್ಚಿ ನಿಂತಿದ್ದೆ. ಹಲ್ಲು ಕಚ್ಚಿ ಕೂತರು. ಡಾಕ್ಟರು ಒಂದು ಕಣ್ಣು ನೋಡಿದರು, ಇನ್ನೊಂದು ನೋಡಿದರು, ಮತ್ತೆ ಮೊದಲನೆಯದು ನೋಡಿದರು. ನಾನು ಜೀವನದಲ್ಲಿ ಅಷ್ಟು ಹೊತ್ತು ಬಾಯಿ ಮುಚ್ಚಿಕೊಂಡು ನಿಂತದ್ದು ಅದೇ ಮೊದಲು.

"ಸುಣ್ಣ ಯಾವ ಕಣ್ಣಿಗೆ ಬಿದ್ದಿತ್ತು?"

"ಬಲಗಣ್ಣಿಗ್ರಿ."

"ಅದರ ಕಲೆನೂ ಉಳದಿಲ್ಲ. ಇದು ಮೋತಿಬಿಂದು, ಕಣ್ಣಿನ ಪೊರಿ, ಎರಡೂ ಕಣ್ಣಿಗೆ. ಹಣ್ಣಾಗಿ ಕುಂತಾವ. ತಗದು ಒಳಗ ಕಾಜು, ಅಂದ್ರ ಲೆನ್ಸು, ಕೂಡಸಿದ್ರ ಆತು. ಮೊದಲ ಯಾಕ ಬರಲಿಲ್ಲ?"

ಮಾಸ್ತರು ಬಲಗಣ್ಣನ್ನು ಬೆರಳಿನಿಂದ ಒಂದು ಸಲ ಮುಟ್ಟಿ ನೋಡಿಕೊಂಡರು. ಆಮೇಲೆ ನನ್ನ ಕಡೆ ತಿರುಗಿ, ಸಣ್ಣ ದನಿಯಲ್ಲಿ, "ಮೂರು ವರ್ಷ ಸುಮ್ಮಸುಮ್ಮನ ಅಂಜಿದ್ನಲ್ರಿ," ಎಂದರು. ಅಷ್ಟು ಹೇಳಿ, ಮೊಣಕಾಲ ಮೇಲೆ ಕೈಯೂರಿ ನಗತೊಡಗಿದರು. ಡಾಕ್ಟರೂ ನಕ್ಕರು. ನಾನು ಕಪ್ಪು ಕನ್ನಡಕ ಮತ್ತೆ ಹಾಕಿಕೊಂಡೆ. ನನ್ನ ಕಣ್ಣು ಆಗ ಯಾರೂ ನೋಡುವ ಹಾಗಿರಲಿಲ್ಲ.

ಜೂನಿನಲ್ಲಿ ಮಳೆ ಹಿಡಿದರೆ ನಮ್ಮ ಮಣ್ಣಿನ ಕೋರ್ಟು ನಾಲ್ಕು ತಿಂಗಳು ಮುಚ್ಚುತ್ತದೆ. ಅದೇ ನಮ್ಮ ಪುಣ್ಯ. ಮಾರ್ಕರ್ ಊರಿಗೆ ಹೋಗಿದ್ದಾರೆ ಎಂದು ಹೇಳಿ, ಮಾಪ್ಸಾದಲ್ಲಿ ಒಂದು ಕಣ್ಣಿನ ಆಪರೇಷನ್ ಮಾಡಿಸಿದೆವು. ಕಣ್ಣೊಳಗೇ ಕಾಜು ಕೂಡಿಸುವುದು ಆಗ ಹೊಸತು. ಪಟ್ಟಿ ಬಿಚ್ಚಿದ ದಿನ ನಾನೂ ಇದ್ದೆ. ಮಾಸ್ತರು ಮೊದಲು ಹೆಂಡತಿಯನ್ನು ನೋಡಿದರು. ನೋಡಿಯೇ ನೋಡಿದರು.

"ಏ, ನಿನ್ನ ಕೂದಲ ಯಾವಾಗ ಬೆಳ್ಳಗಾದವು?"

"ನೀವು ಮಂದಿಗೆಲ್ಲಾ ವಾಲಿ ಕಲಸಾಕತ್ತಿದ್ರಿ ನೋಡ್ರಿ, ಅವಾಗ."

ಭಾರ ಎತ್ತಬಾರದು, ಬಗ್ಗಬಾರದು ಎಂದು ಡಾಕ್ಟರು ಹೇಳಿದ್ದರು. ಕೋರ್ಟಿನ ಕೆಲಸ ಯಾರು ಮಾಡಬೇಕು? ಮಳೆಯಲ್ಲಿ ಮಣ್ಣು ಕೊಚ್ಚದಂತೆ ತೆಂಗಿನ ಗರಿ ಹೊದಿಸಬೇಕು, ನೀರು ಹರಿಯಲು ಕಾಲುವೆ ಬಿಡಿಸಬೇಕು, ಸೆಪ್ಟೆಂಬರಿನಲ್ಲಿ ಹೊಸ ಕೆಂಪು ಮಣ್ಣು ಹರಡಿ ರೋಲರ್ ಎಳೆಯಬೇಕು. ತಪ್ಪು ಮಾಡಿದ ಕೈಯೇ ಮಾಡಿತು. ಒಂದು ಬೆಳಿಗ್ಗೆ ನಾನು ತಲೆಯ ಮೇಲೆ ಮಣ್ಣಿನ ಬುಟ್ಟಿ ಹೊತ್ತು ನಿಂತಾಗ ಸೆಕ್ರೆಟರಿ ಸಾಹೇಬರು ಛತ್ರಿ ಹಿಡಿದು ಬಂದರು.

"ಕಿತೆಂ ಜಾಲೆಂ, ಸೇಟ್?" ಏನಾಯಿತೆಂದು ಕೊಂಕಣಿಯಲ್ಲಿ ಕೇಳಿದರು.

"ಮಾರ್ಕರ್ ಜೊತೆ ಶರ್ತು ಕಟ್ಟಿ ಸೋತೆ ಸಾಹೇಬ್ರ. ಮಳೆಗಾಲ ಪೂರ್ತಿ ಅವರ ಕೆಲಸ ನಂದು."

ಆ ಶಿಸ್ತಿನ ಮನುಷ್ಯ ಮೊದಲ ಸಲ ನಕ್ಕಿದ್ದು ಅವತ್ತು. ಪೂರ್ತಿ ನಂಬಿದರು. ಹೊಟ್ಟೆ ಮಾತ್ರ ಆ ನಾಲ್ಕು ತಿಂಗಳಲ್ಲಿ ಇಳಿದುಹೋಯಿತು.

ಅಕ್ಟೋಬರಿನಲ್ಲಿ ಕೋರ್ಟು ತೆರೆಯುವ ಹಿಂದಿನ ದಿನ ಮಾಸ್ತರು ನನ್ನನ್ನು ನೆಟ್ಟಿನ ಹತ್ತಿರ ನಿಲ್ಲಿಸಿ ಚೆಂಡು ಎಸೆದರು. ನಾನು ಎದೆಯುಬ್ಬಿಸಿ ಹತ್ತು ವಾಲಿ ಹೊಡೆದೆ. ಒಂದು "ಚಲೋ" ಕೂಡ ಬರಲಿಲ್ಲ. ಅವರು ಬಾಯಿ ತೆರೆದು ನನ್ನನ್ನು ನೋಡುತ್ತಿದ್ದರು.

"ಸಾವ್ಕಾರ್ರ, ಇಷ್ಟು ದಿವಸ ನೀವು ಹಿಂಗ ಹೊಡೀತಿದ್ರೇನ್ರಿ?"

"ಯಾಕ್ರಿ? ನೀವ ಚಲೋ ಅಂತಿದ್ರಲ್ಲ!"

"ಸಪ್ಪಳ ಚಲೋ ಇತ್ರಿ. ಮೈ ಯಾರ್ ನೋಡಿದ್ರು? ಮೊಣಕೈ ನೋಡ್ರಿ, ಕೋಳಿ ರೆಕ್ಕಿ ಬಿಚ್ಚಿದಂಗ. ಮೊದಲಿಂದ ಕಲೀಬೇಕು."

ನಾನು ಪಣಜಿಗೆಲ್ಲ ಹೇಳಿಕೊಂಡಿದ್ದ ವಾಲಿ ಹೀಗೆ ಹೋಯಿತು. ಹೋಗಲಿ, ಮಾಸ್ತರಿಗೆ ನನ್ನ ಮೊಣಕೈ ಕಾಣುತ್ತಿತ್ತಲ್ಲ.

ಆದರೆ ಕಮಿಟಿಯ ಎದುರಿನ ಆ ಸೆಟ್ ಯಾರ ಜೊತೆ ಎಂದು ಅಂದೇ ಗೊತ್ತಾಯಿತು. ಸೆಕ್ರೆಟರಿ ಸಾಹೇಬರೇ ಆಡುವವರು. ಇಂಥ ಕ್ಲಬ್ಬುಗಳಲ್ಲಿ ಎಲ್ಲೂ ಬರೆಯದ ಒಂದು ರಿವಾಜು ಇದೆ: ಮಾರ್ಕರ್ ಸದಸ್ಯರನ್ನು ಸೋಲಿಸಬಾರದು. ಗೆದ್ದರೆ ಸಾಹೇಬರ ಮಾನ ಕಮಿಟಿಯ ಎದುರು ಹೋಗುತ್ತದೆ. ಸೋತರೆ ಆಡಲು ಬರುವುದಿಲ್ಲ ಎಂಬ ದೂರು ಖರೆಯಾಗುತ್ತದೆ. ಎರಡೂ ಕಡೆ ಕೋಣೆ ಹೋಗುವುದೇ.

"ಏನ್ ಮಾಡ್ತೀರಿ, ಮಾಸ್ತರ್ರ?"

"ಆಡ್ತೀನ್ರಿ," ಎಂದರು.

ಆಡಿದರು. ಹಿಂದಿನ ಗೆರೆಯಲ್ಲಿ ನಿಂತರು. ಸಾಹೇಬರು ಹೊಡೆದ ಒಂದೊಂದು ಚೆಂಡೂ ಮರಳಿ ಸಾಹೇಬರ ಕೈಗೆ, ಹದವಾದ ಎತ್ತರದಲ್ಲಿ, ಹೊಡೆಯಲು ಬೇಕಾದಷ್ಟೇ ದೂರದಲ್ಲಿ ಹೋಗಿ ಬೀಳುತ್ತಿತ್ತು. ಇಪ್ಪತ್ತು, ಇಪ್ಪತ್ತೈದು ಹೊಡೆತಗಳ ಆಟ. ಸಾಹೇಬರು ಅಷ್ಟು ಚೆನ್ನಾಗಿ ಆಡುತ್ತಾರೆಂದು ಸಾಹೇಬರಿಗೇ ಗೊತ್ತಿರಲಿಲ್ಲ. ನಾಲ್ಕು–ನಾಲ್ಕು. ಐದು–ಐದು. ವರಾಂಡದಲ್ಲಿ ಚಹಾ ಆರುತ್ತಿತ್ತು. ನಾನು ಒಂದು ಕಂಬದ ಹಿಂದೆ ನಿಂತು, ಅರ್ಧ ಆಟ ಕಣ್ಣು ಮುಚ್ಚಿಕೊಂಡೇ ಕೇಳಿದೆ. ಆರು–ಐದಾಯಿತು, ಸಾಹೇಬರ ಪರ. ಕೊನೆಯ ಪಾಯಿಂಟಿನಲ್ಲಿ ಸಾಹೇಬರು ಒಂದು ಸಾಧಾರಣ ಚೆಂಡು ಹೊಡೆದರು, ಮಾಸ್ತರು ಅದನ್ನು ನೆಟ್ಟಿಗೆ ಹಾಕಿದರು. ಏಳು–ಐದು. ಮುಗಿಯಿತು.

ಸಾಹೇಬರು ಮುಖ ಒರೆಸುತ್ತ, ಕೆಂಪಾಗಿ, ಹತ್ತು ವರ್ಷ ಚಿಕ್ಕವರಾಗಿ ನೆಟ್ಟಿನ ಹತ್ತಿರ ಬಂದು ಮಾಸ್ತರರ ಕೈ ಕುಲುಕಿದರು. ಸದಸ್ಯರು ಮಾರ್ಕರ್‌ನ ಕೈ ಕುಲುಕಿದ್ದು ನಾನು ಅದೇ ಮೊದಲು ನೋಡಿದ್ದು. "ಬರೆಂ ರೆ, ಬರೆಂ!" ಎಂದು ಕಮಿಟಿಯ ಕಡೆ ತಿರುಗಿ, "ಇಂಥವನು ಇರುವಾಗ ಬೇರೆಯವನು ಯಾಕೆ? ಆ ದೂರು ಬರೆದವರಿಗೆ ಆಟ ಗೊತ್ತಿದೆಯೇ?" ಎಂದರು. ಗೊತ್ತಿಲ್ಲ ಎಂದು ನಾನು ಕಂಬದ ಹಿಂದಿನಿಂದಲೇ ತಲೆಯಾಡಿಸಿದೆ.

ಮಾಸ್ತರು ಚೆಂಡು ಆಯ್ದುಕೊಂಡು ಕೋಣೆಯ ಕಡೆ ನಡೆದರು. ನಾನು ಹಿಂದೆ ಓಡಿದೆ.

"ಕಡೀ ಚೆಂಡು ನೆಟ್ಟಿಗೆ ಹೊಡದ್ರಲ್ರಿ! ಕಾಣಸ್ಲಿಲ್ಲೇನು?"

"ಕಾಣಸ್ತ್ರಿ. ಚೆಂಡಿನ ಹೊಲಿಗಿ ಸುದ್ದಾ ಕಾಣಸ್ತು. ಸಾಹೇಬ್ರ ಮಾರಿನೂ ಕಾಣಸ್ತು. ಅದಕ್ಕ ನೆಟ್ಟಿಗೆ ಹೊಡದೆ."

ನಾಲ್ಕು ಹೆಜ್ಜೆ ಮುಂದೆ ಹೋದವನು ತಿರುಗಿ ನಿಂತೆ. ನನ್ನ ಹಳೆಯ ಗೆಲುವು ನೆನಪಾಗಿತ್ತು.

"ಮಾಸ್ತರ್ರ, ನಾ ನಿಮ್ಮನ್ನ ಆರು–ನಾಕ್ಕಲೆ ಸೋಲಸಿದ್ನಲ್ಲ..."

ಅವರು ನಿಂತು, ಒಂದು ಕಣ್ಣು ಕಿರಿದು ಮಾಡಿ, ಬಹಳ ಮರ್ಯಾದೆಯಿಂದ ಹೇಳಿದರು: "ಅವಾಗ ನನಗ ಕಣ್ಣು ಕಾಣ್ತಿದ್ದಿಲ್ಲಲ್ರಿ, ಸಾವ್ಕಾರ್ರ."

ಕೋಣೆಯಲ್ಲಿ ಅಕ್ಕ ಟ್ರಂಕಿನ ಮೇಲೆ ಕೂತಿದ್ದರು. ಗೋಡೆಯ ಮೊಳೆಗಳಲ್ಲಿ ಒಂದು ಬಟ್ಟೆಯೂ ಇರಲಿಲ್ಲ. ಒಲೆಯ ಬೂದಿ ತೆಗೆದು, ನೆಲ ಸಾರಿಸಿ, ಕೋಣೆಯನ್ನು ಮುಂದೆ ಬರುವವರಿಗೆ ಎಂಬಂತೆ ಅಣಿ ಮಾಡಿಟ್ಟಿದ್ದರು.

"ಏನಾತ್ರಿ?"

"ಸೋತೆ," ಎಂದರು ಮಾಸ್ತರು.

ಅಕ್ಕನ ಕೈ ಟ್ರಂಕಿನ ಹಿಡಿಕೆಗೆ ಹೋಯಿತು. ನಾನು ಇನ್ನೂ ನಾಲ್ಕು ಕ್ಷಣ ಸುಮ್ಮನಿದ್ದಿದ್ದರೆ ಅದು ನನ್ನ ಜೀವಮಾನದ ಅತ್ಯುತ್ತಮ ಚೇಷ್ಟೆಯಾಗುತ್ತಿತ್ತು. ಆಗಲಿಲ್ಲ. ಬಾಯಿ ತಾನಾಗಿ ಕೂಗಿತು: "ಕೆಲಸ ಉಳೀತ್ರಿ ಅಕ್ಕಾರ! ಸಾಹೇಬ್ರ ಕೈ ಕುಲುಕ್ಯಾರ!"

ಅವರು ಗಂಡನ ಮುಖ ನೋಡಿದರು. ಮಾಸ್ತರು ಹೌದೆಂದು ತಲೆಯಾಡಿಸಿದರು. ಅಕ್ಕ ಸೆರಗಿನಿಂದ ಒಂದು ಸಲ ಮುಖ ಒರೆಸಿಕೊಂಡರು, ಎದ್ದರು, ಟ್ರಂಕು ತೆರೆದು ಎಲ್ಲಕ್ಕಿಂತ ಕೆಳಗಿದ್ದ ರೊಟ್ಟಿ ಹಂಚನ್ನು ಎಳೆದು ತೆಗೆದರು.

"ಎಷ್ಟು ಮಂದಿಗೆ ನಾದ್ಲಿ ಹಿಟ್ಟು?"

"ಮೂರು ಮಂದಿಗೆ," ಎಂದರು ಮಾಸ್ತರು, ನನಗೆ ಕೂರಲು ಟ್ರಂಕು ಮುಚ್ಚಿ ಕೊಡುತ್ತ.